ಕುರಕುಂಟಾ ಯಾತ್ರೆ: ಜೋಳಿಗೆಗೆ ಬೀಳದ ನೋವು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಸಾಗುವ ರೈಲುಮಾರ್ಗವು ನಿಜಾಮರ ಕಾಲದ್ದು. 1874ರಲ್ಲಿ ಸಂಚಾರಕ್ಕೆ ತೆರೆದ ಈ ಮಾರ್ಗದಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ದಾಟಿದ ಮೇಲೆ, ತಾಂಡೂರು ಬರುವುದಕ್ಕೆ ಮೊದಲು, ಕುರಕುಂಟಾ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಅವಸರದ ಗಾಡಿಗಳಿಗೆ ಇಲ್ಲಿ ಕೆಲಸವಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತವನ ಕಣ್ಣಿಗೆ ಒಂದು ಕಡೆ ತೊಗರಿಯ ಹೊಲ, ಇನ್ನೊಂದು ಕಡೆ ನೆಲವನ್ನು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಬಿಡಿಸಿಟ್ಟ ಕಲ್ಲಿನ ಗಣಿ ಕಾಣುತ್ತದೆ. ಕರ್ನಾಟಕದ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಈ ಸೀಮೆಯ ಒಡಲಿನಿಂದಲೇ ಬಂದದ್ದು.

ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಈ ದಾರಿ ಪುಣ್ಯಮಾರ್ಗವೇ ಸರಿ. ಕಾಗಿಣಾ ನದಿಯ ದಡದ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆ ಆಸ್ಥಾನದಲ್ಲಿಯೇ ಹುಟ್ಟಿತು. ಚಿತ್ತಾಪುರದ ಬಳಿಯ ನಾಗಾವಿಯು ಘಟಿಕಾಸ್ಥಾನವಾಗಿ, ದೂರದ ವಿದ್ಯಾರ್ಥಿಗಳನ್ನು ಸೆಳೆದ ವಿದ್ಯಾಕೇಂದ್ರವಾಗಿ ಮೆರೆದಿತ್ತು. ಈಗ ಅದೇ ನೆಲದಡಿಯ ಸುಣ್ಣದಕಲ್ಲು ಊರೂರಿಗೆ ಸಿಮೆಂಟಿನ ಕಾರ್ಖಾನೆಗಳನ್ನು ಕರೆತಂದಿದೆ. ವಾಡಿ, ಶಹಾಬಾದ್, ಮಳಖೇಡ, ಸೇಡಂ ಎಂದೊಡನೆ ಜನರಿಗೆ ಮೊದಲು ನೆನಪಾಗುವುದು ಸಿಮೆಂಟಿನ ಚೀಲವೇ.

ಕುರಕುಂಟಾದ ಕಥೆಯೂ ಅದೇ. 1965ರಲ್ಲಿ ಸ್ಥಾಪಿತವಾದ ಭಾರತ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಸಂಸ್ಥೆಯು 1970ರ ದಶಕದಲ್ಲಿ ಇಲ್ಲಿ ಕಾರ್ಖಾನೆಯನ್ನು ನಡೆಸಲಾರಂಭಿಸಿತು. ಮಳೆಯನ್ನು ನಂಬಿ ಜೋಳ ಬಿತ್ತುತ್ತಿದ್ದ ಮನೆತನಗಳಿಗೆ ತಿಂಗಳು ತಿಂಗಳು ಪಗಾರ ಬರುವ ದಿನಗಳು ಬಂದವು. ಮಕ್ಕಳು ಶಾಲೆಗೆ ಹೋದರು, ಗೋಡೆಗಳು ಸುಣ್ಣ ಕಂಡವು. 1990ರ ದಶಕದ ಕೊನೆಯ ಹೊತ್ತಿಗೆ ಆ ಕಾರ್ಖಾನೆಯ ಉತ್ಪಾದನೆ ನಿಂತುಹೋಯಿತು. ದುಡಿಯುವ ಕೈಗಳು ಮಾತ್ರ ಹಾಗೆಯೇ ಉಳಿದವು. ಕಾಯಕವೇ ಕೈಲಾಸವೆಂದು ನಂಬಿದ ಸಮಾಜಕ್ಕೆ ಕಾಯಕವಿಲ್ಲದ ದಿನಗಳು ಎಷ್ಟು ಭಾರವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸೀಮೆಗೆ ನಾನು ಮೊದಲು ಹೋದದ್ದು 2011ರ ಶ್ರಾವಣಮಾಸದಲ್ಲಿ, ಶರಣಚರಿತೆಯ ಪ್ರವಚನಕ್ಕಾಗಿ. ಎರಡನೆಯ ಬಾರಿ ಹೋದದ್ದು ಮರುವರ್ಷದ ಶ್ರಾವಣದಲ್ಲಿ. ಮೂರನೆಯ ಬಾರಿ, ಕಳೆದ ಕಾರ್ತಿಕದಲ್ಲಿ. ಈ ಲೇಖನವನ್ನು ಬರೆಸಿದ್ದು ಮೂರನೆಯ ಯಾತ್ರೆ. ಆದರೆ ಇದರ ಬೀಜ ಬಿದ್ದದ್ದು ಮೊದಲೆರಡು ಯಾತ್ರೆಗಳಲ್ಲಿ. ಇಲ್ಲಿ ಹೇಳುವ ಮನೆ ಕುರಕುಂಟಾದ್ದೇ ಎಂದು ಓದುಗರು ಭಾವಿಸಬೇಕಾಗಿಲ್ಲ. ಆ ಸುತ್ತಿನ ಯಾವ ಊರಿನದ್ದಾದರೂ ಆಗಿರಬಹುದು. ಮನೆಯವರ ಒಪ್ಪಿಗೆಯನ್ನು ಪಡೆದು, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಜೋಳಿಗೆಯ ಮಹಿಮೆ

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ಅರಿಯದ ಲಿಂಗಾಯತ ಮನೆ ಉತ್ತರ ಕರ್ನಾಟಕದಲ್ಲಿ ಇರಲಾರದು. ಜಂಗಮನ ಜೋಳಿಗೆಯು ಹಿಂದಿನಿಂದಲೂ ಕಾಳುಕಡಿಯನ್ನು ಬೇಡಿ ದಾಸೋಹಕ್ಕೆ ಒಯ್ಯುವ ಪಾತ್ರೆ. ಪೂಜ್ಯರು 1975ರಿಂದ ಅದೇ ಜೋಳಿಗೆಯನ್ನು ಹೆಗಲಿಗೇರಿಸಿ ಊರೂರು, ಕೇರಿಕೇರಿ ತಿರುಗಿ ಬೇಡಿದ್ದು ಜನರ ದುಶ್ಚಟಗಳನ್ನು. ಜನ ಬೀಡಿ, ಗುಟ್ಕಾ, ಸೆರೆಯ ಶೀಸೆಗಳನ್ನು ಅದರೊಳಗೆ ಹಾಕಿ ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಆ ಜೋಳಿಗೆ ‘ಮಹಾಂತ ಜೋಳಿಗೆ’ ಎಂದೇ ಪ್ರಸಿದ್ಧವಾಯಿತು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸಲು ತೊಡಗಿದ್ದು ಆ ಸೇವೆಗೆ ಸಂದ ಗೌರವ.

ಶರಣರ ದೃಷ್ಟಿಗೆ ಇದು ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವುದನ್ನೇ ಕಾಯಕವಾಗಿ ಹೊಂದಿದ್ದ ಮಾರಯ್ಯ ಎಂಬ ಶರಣರಿದ್ದರು. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ ದಾರಿಗೆ ತರುತ್ತಿದ್ದರೆಂದು ಪರಂಪರೆ ಅವರನ್ನು ಸ್ಮರಿಸುತ್ತದೆ. ಕುಡುಕನನ್ನು ಹೊಸ್ತಿಲ ಹೊರಗೆ ನಿಲ್ಲಿಸದೆ, ಅವನು ಇರುವಲ್ಲಿಗೇ ಹೋಗಿ ಕೈಹಿಡಿಯುವುದು ನಮ್ಮ ಧರ್ಮದ ಹಳೆಯ ರೀತಿ.

ಮಠದ ಪಾಠಶಾಲೆಯಲ್ಲಿ ಬೆಳೆದ ನನಗೆ ಇಳಕಲ್ಲಿನ ಪೂಜ್ಯರು ಆದರ್ಶವಾಗಿದ್ದುದು ಸಹಜ. 2011ರ ಶ್ರಾವಣದ ಕಡೆಯ ದಿನ, ಪ್ರವಚನ ಮಂಗಲದ ಸಂದರ್ಭದಲ್ಲಿ ನಾನೂ ಒಂದು ಜೋಳಿಗೆ ಹಿಡಿದು ನಿಂತೆ. ಅನೇಕರು ಬಂದರು. ಅವರಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ತರುಣನಿದ್ದ. ಅವನ ತಂದೆ ನಿಂತುಹೋದ ಕಾರ್ಖಾನೆಯ ಕಾರ್ಮಿಕರು. ತಿಂಗಳೆಲ್ಲ ನನ್ನ ಪ್ರಸಾದದ ವ್ಯವಸ್ಥೆ ಅವರ ಮನೆಯಲ್ಲಿಯೇ ಆಗಿತ್ತು. ತರುಣ ಅಳುತ್ತ ಬಂದು ಪಾದ ಹಿಡಿದು, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ತಾಯಿಯ ಕಣ್ಣಲ್ಲಿ ಆನಂದಬಾಷ್ಪ. ನನಗೂ ನನ್ನ ಪ್ರವಚನ ಸಾರ್ಥಕವಾಯಿತೆಂಬ ಹಿಗ್ಗು.

ಆ ವ್ರತ ಹನ್ನೊಂದು ದಿನ ಉಳಿಯಿತು. ಮರುವರ್ಷ ಹೋದಾಗ ಅದನ್ನು ಕೇಳಿ ನನಗೆ ಕೋಪ ಬಂತು. ಅವನು ಸಭೆಯ ಹಿಂದುಗಡೆ ಕುಳಿತಿರುವುದನ್ನು ಕಂಡೂ, ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ಗುರುವಿಗೆ ಕೊಟ್ಟ ಮಾತನ್ನು ಮುರಿದವನ ಬಾಳು ಎಂಥದ್ದೆಂದು ವೇದಿಕೆಯಿಂದಲೇ ನುಡಿದೆ. ಜನ ತಲೆದೂಗಿದರು. ಅವನು ಎದ್ದು ಹೋದ. ನಾನು ಮಾಡಿದ್ದು ಧರ್ಮಬೋಧೆ ಎಂದೇ ತಿಳಿದಿದ್ದೆ.

ಗಡಿಯಾಚೆಯ ಸೇಂದಿ

ಆ ತರುಣನ ಕಥೆಗೆ ಮುನ್ನ ಆ ಸೀಮೆಯ ಕುಡಿತದ ಸ್ವರೂಪವನ್ನು ಓದುಗರು ತಿಳಿಯಬೇಕು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಸೇಡಂ, ಚಿಂಚೋಳಿ ತಾಲ್ಲೂಕುಗಳ ಮಗ್ಗುಲಲ್ಲೇ ಈಗಿನ ತೆಲಂಗಾಣದ ಗಡಿ. ಅಲ್ಲಿ ಸೇಂದಿ ಅಂಗಡಿಗಳುಂಟು. ಈಚಲ ಮರದ ರಸ ನಮ್ಮ ಹಿರಿಯರ ಕಾಲದಲ್ಲಿ ಬರಿಯ ಮರದ ರಸವಾಗಿತ್ತು. ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಾದಾಗ, ನೀರಿಗೆ ಕ್ಲೋರಲ್ ಹೈಡ್ರೇಟ್ ಎಂಬ ಪುಡಿಯನ್ನೂ, ಡಯಾಜೆಪಾಮ್, ಅಲ್‌ಪ್ರಾಜೋಲಾಮ್ ಎಂಬ ನಿದ್ರೆಯ ಔಷಧಗಳನ್ನೂ ಬೆರೆಸಿ ಸೇಂದಿ ಎಂದು ಮಾರುವ ದಂಧೆ ಗಡಿಯ ಎರಡೂ ಬದಿಗೆ ಹಬ್ಬಿತು. ಜನ ಅದನ್ನು ‘ಸಿ.ಎಚ್. ಪೌಡರ್’ ಎಂದೇ ಗುರುತಿಸುತ್ತಾರೆ. ಕುಡಿಯುವವನು ತಾನು ಸೇಂದಿಯ ದಾಸನೆಂದು ತಿಳಿದಿರುತ್ತಾನೆ. ನಿಜದಲ್ಲಿ ಅವನ ನರಗಳು ನಿದ್ರೆಯ ಮಾತ್ರೆಗಳ ದಾಸ್ಯಕ್ಕೆ ಬಿದ್ದಿರುತ್ತವೆ.

2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ವಿರುದ್ಧ ಬಿಗಿಕ್ರಮ ಕೈಗೊಂಡಾಗ ಒಂದು ವಿಪರೀತ ಕಂಡುಬಂತು. ಕುಡಿಯಲು ಸಿಗದೆ ಜನ ಮೈನಡುಗಿ, ಮೂರ್ಛೆ ಬಂದು, ಭ್ರಮೆಗೊಂಡು ಆಸ್ಪತ್ರೆಗಳಿಗೆ ಸಾಲುಗಟ್ಟಿದರು. ಹಲವು ಸಾವುಗಳೂ ವರದಿಯಾದವು. ವಿಷವನ್ನು ಕುಡಿದಾಗ ಸಾಯದವರು ವಿಷ ನಿಂತಾಗ ಸತ್ತರೆಂದು ಆಶ್ಚರ್ಯಪಡಬೇಕಾಗಿಲ್ಲ. ವರ್ಷಗಟ್ಟಲೆ ಮದ್ಯವೋ ಇಂಥ ಮಾತ್ರೆಯೋ ಮಿದುಳನ್ನು ಮಂಕುಗೊಳಿಸಿದ್ದಾಗ, ಮಿದುಳು ಅದನ್ನು ಎದುರಿಸಲು ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಮಂಕುಗೊಳಿಸುವ ವಸ್ತು ಥಟ್ಟನೆ ನಿಂತರೆ ಏರಿದ ಚುರುಕು ಹಾಗೆಯೇ ಉಳಿದು ನಡುಕ, ಬೆವರು, ನಿದ್ರಾಹೀನತೆ ಮೂಡುತ್ತವೆ. ಮದ್ಯ ಬಿಟ್ಟ ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆ ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ ಇಲ್ಲದ್ದನ್ನು ಕಾಣುವ, ದಿಕ್ಕುತಪ್ಪುವ ಸನ್ನಿ ಹಿಡಿಯಬಹುದು. ಇದು ಪ್ರಾಣಾಪಾಯದ ಸ್ಥಿತಿ. ವೈದ್ಯರು ಔಷಧವನ್ನು ಮೆಲ್ಲಮೆಲ್ಲನೆ ಇಳಿಸುತ್ತ, ಥಯಾಮಿನ್ ಎಂಬ ಜೀವಸತ್ವವನ್ನು ಕೊಟ್ಟು ಈ ಘಟ್ಟವನ್ನು ದಾಟಿಸುತ್ತಾರೆ.

ಶ್ರಾವಣದ ಸಭೆಯಲ್ಲಿ ಜೋಳಿಗೆ ಹಿಡಿದು ನಿಂತಾಗ ಇದಾವುದೂ ನನಗೆ ತಿಳಿದಿರಲಿಲ್ಲ. ಆ ತರುಣ ಹನ್ನೊಂದು ದಿನ ಹೇಗೆ ಕಳೆದನೆಂದು ನಾನು ಕೇಳಲೂ ಇಲ್ಲ.

ಎರಡು ಬಾಗಿಲುಗಳ ನಡುವೆ

ಕಳೆದ ಕಾರ್ತಿಕದಲ್ಲಿ, ಮಳಖೇಡವನ್ನು ನೋಡಿಕೊಂಡು ಬರುವ ನೆವದಿಂದ ಆ ಕಡೆಗೆ ಹೋದವನು, ಹಳೆಯ ಋಣವೆಂದು ಆ ಮನೆಗೂ ಹೋದೆ. ತಂದೆ ತೀರಿಕೊಂಡಿದ್ದರು. ತಾಯಿ ಹಾಸುಗಲ್ಲಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡಿಸಿದರು. ನಾನು ಮಗನ ಯೋಗಕ್ಷೇಮ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಅಪ್ಪೋರೆ, ನೀವು ಆವತ್ತು ಕಟ್ಟಿ ಮ್ಯಾಲ ಕೂತು ಆಡಿದ ಮಾತಿಗಿ ಅವ ಮನಿಗಿ ಬಂದು ಬ್ಲೇಡ್‌ಲಿಂದ ಕೈ ಕೊಯ್ಕೊಂಡ. ನಿಮಗ ನೋವು ಆಗ್ತದಂತ ಯಾರೂ ಹೇಳಲಿಲ್ಲ.”

ಹತ್ತು ವರ್ಷಕ್ಕೂ ಮಿಕ್ಕಿ ಅವರು ಆ ಮಾತನ್ನು ನನ್ನಿಂದ ಮುಚ್ಚಿಟ್ಟಿದ್ದರು. ಅದು ನನ್ನ ಮೇಲಿನ ಗೌರವದಿಂದ! ಅಂದು ಆ ತಾಯಿ ಮುಂದಿಟ್ಟ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ.

ಮುಂದೆ ಅವರು ಹೇಳಿದ್ದು ಹೀಗೆ. ಹುಡುಗ ಹದಿನಾಲ್ಕರ ವಯಸ್ಸಿನಿಂದಲೇ, ಅಂದರೆ ಕುಡಿತಕ್ಕೆ ಮೊದಲೇ, ಬೇರೆ ಬಗೆಯವನಾಗಿದ್ದ. ತಾಯಿ ಸಂತೆಯಿಂದ ಬರುವುದು ತಡವಾದರೆ ತನ್ನನ್ನು ಬಿಟ್ಟೇ ಹೋದರೆಂದು ಒದ್ದಾಡುತ್ತಿದ್ದ. ಬೆಳಿಗ್ಗೆ ಪ್ರಾಣದ ಗೆಳೆಯನೆಂದವನನ್ನು ಸಂಜೆ ಹಗೆಯೆಂದು ಬಯ್ಯುತ್ತಿದ್ದ. ಕೋಪ ಬಂದರೆ ಅದಕ್ಕೆ ಮಿತಿಯಿಲ್ಲ; ಇಳಿದ ಮೇಲೆ ತನ್ನನ್ನೇ ಹಳಿದುಕೊಂಡು ಅಳು. ಎದೆಯೊಳಗೆ ಏನೂ ಇಲ್ಲ, ಖಾಲಿ ಖಾಲಿ ಎನ್ನುತ್ತಿದ್ದ. ಕುಡಿದಾಗ ಆ ಖಾಲಿತನ ತುಂಬಿದಂತಾಗುತ್ತಿತ್ತು.

ಮನೆಯವರು ಅವನನ್ನು ದೂರದ ಪಟ್ಟಣವೊಂದರ ವ್ಯಸನಮುಕ್ತಿ ಕೇಂದ್ರಕ್ಕೆ ಒಯ್ದರು. ಅಲ್ಲಿ ಕೈಮೇಲಿನ ಗಾಯದ ಗುರುತುಗಳನ್ನು ಕಂಡು, ‘ಇವನಿಗೆ ತಲೆಯ ರೋಗವಿದೆ, ಮೊದಲು ಮನೋವೈದ್ಯರಿಗೆ ತೋರಿಸಿರಿ’ ಎಂದು ಕಳುಹಿಸಿದರು. ಮನೋವೈದ್ಯರೊಬ್ಬರ ಬಳಿ ಹೋದರೆ, ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿರಿ, ಆಮೇಲೆ ನೋಡೋಣ’ ಎಂಬ ಉತ್ತರ. ಕುಡಿತ ಬಿಟ್ಟರೆ ಮನಸ್ಸಿನ ಬೇಗೆ ತಡೆಯಲಾಗುವುದಿಲ್ಲ. ಬೇಗೆ ತಣಿಯದೆ ಕುಡಿತ ಬಿಡುವುದಿಲ್ಲ. ಒಂದು ಬಾಗಿಲಿನವರು ಇನ್ನೊಂದು ಬಾಗಿಲನ್ನು ತೋರಿಸುತ್ತ ಏಳು ವರ್ಷ ಕಳೆದವು. ನಡುವೆ ಬಂಧುಗಳು ಮದುವೆಯೊಂದೇ ಮದ್ದೆಂದರು. ‘ಇನ್ನೊಬ್ಬರ ಮಗಳ ಬಾಳು ಯಾಕ ಸುಡಬೇಕು’ ಎಂದು ತಾಯಿ ಒಪ್ಪಲಿಲ್ಲ. ಓದು ಕಲಿಯದ ಆ ತಾಯಿಯ ವಿವೇಕ ನಮ್ಮಂಥ ಓದಿದವರಿಗೆ ಇರಲಿಲ್ಲ.

ವ್ಯಕ್ತಿತ್ವದೋಷವೆಂದರೆ ಏನು?

ಕೊನೆಗೆ ದೊಡ್ಡ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಎರಡೂ ಬಾಗಿಲು ಒಂದೇ ಕೋಣೆಗೆ ತೆರೆದುಕೊಂಡವು. ಮೊದಲ ವಾರಗಳಲ್ಲಿ ದೇಹವನ್ನು ಮದ್ಯದಿಂದಲೂ ಮಾತ್ರೆಗಳಿಂದಲೂ ಇಳಿಸಿದರು. ಮನಸ್ಸಿನ ಕುರಿತ ನಿರ್ಣಯವನ್ನು ಮಾತ್ರ ಅವಸರದಿಂದ ಹೇಳಲಿಲ್ಲ. ಅಮಲು ಏರಿದಾಗ, ಇಳಿಯುವಾಗ ಯಾವ ಮನುಷ್ಯನೂ ತನ್ನ ನಿಜರೂಪದಲ್ಲಿ ಇರುವುದಿಲ್ಲವಷ್ಟೆ. ಕೆಲವು ವಾರಗಳ ಎಚ್ಚರದ ನಂತರ ತಾಯಿಯನ್ನು ಕರೆಸಿ ಬಾಲ್ಯದ, ಹರೆಯದ ಸಂಗತಿಗಳನ್ನು ಕೇಳಿದರು. ಕುಡಿತಕ್ಕೆ ಮೊದಲೇ ಇದ್ದದ್ದು ಯಾವುದು, ಕುಡಿತದಿಂದ ಬಂದದ್ದು ಯಾವುದೆಂದು ಬೇರ್ಪಡಿಸಿದರು. ಆಮೇಲೆಯೇ ಎರಡು ವ್ಯಾಧಿಗಳ ಹೆಸರನ್ನು ಒಟ್ಟಿಗೆ ಹೇಳಿದರು: ವ್ಯಸನ ಮತ್ತು ವ್ಯಕ್ತಿತ್ವದೋಷ.

ಈ ಎರಡನೆಯ ಪದವು ನಮ್ಮಲ್ಲಿ ಅನೇಕರಿಗೆ ಅಪರಿಚಿತ. ‘ದೋಷ’ವೆಂದೊಡನೆ ಗುಣಹೀನತೆ ಎಂದು ಭಾವಿಸಬಾರದು. ಭಾವನೆಗಳನ್ನು ಹಿಡಿತದಲ್ಲಿಡುವ, ತನ್ನನ್ನು ತಾನು ಅರಿಯುವ, ಇತರರೊಡನೆ ಬಾಳುವ ರೀತಿಯೇ ಹರೆಯದಿಂದ ಮೊದಲ್ಗೊಂಡು ದೀರ್ಘಕಾಲ ಎಡವುತ್ತ ಬಂದು, ಅವನಿಗೂ ಸುತ್ತಲಿನವರಿಗೂ ಸಂಕಟ ತರುವ ಸ್ಥಿತಿಯೇ ವ್ಯಕ್ತಿತ್ವದೋಷ. ಹುಟ್ಟಿನಿಂದ ಬಂದ ಸ್ವಭಾವ, ಬೆಳೆಯುವಾಗ ತಿಂದ ಪೆಟ್ಟು, ಎರಡೂ ಸೇರಿ ಇದು ರೂಪುಗೊಳ್ಳುತ್ತದೆ. ಕಾರ್ಖಾನೆ ನಿಂತದ್ದರಿಂದಲೇ ಆ ಹುಡುಗ ಹೀಗಾದನೆಂದು ನಾನು ಹೇಳಲಾರೆ. ಅದೇ ಬೀದಿಯ ಎಷ್ಟೋ ಹುಡುಗರು ನೆಟ್ಟಗೆ ಬೆಳೆದರು. ಆದರೆ ಸೂಕ್ಷ್ಮವಾದ ಮಣ್ಣಿನ ಗೋಡೆಯ ಮೇಲೆ ಬಿದ್ದ ಮಳೆಯ ಪರಿಣಾಮ ಕಲ್ಲಿನ ಗೋಡೆಯ ಮೇಲೆ ಬಿದ್ದ ಹಾಗೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ವ್ಯಾಧಿ ವರ್ಗೀಕರಣದಲ್ಲಿ ಹಳೆಯ ಹಲವು ಪಂಗಡಗಳನ್ನು ಕೈಬಿಟ್ಟು, ಸೌಮ್ಯ, ಮಧ್ಯಮ, ತೀವ್ರ ಎಂಬ ಪ್ರಮಾಣವನ್ನೇ ಮುಖ್ಯವಾಗಿ ಗಣಿಸಿದೆ. ವ್ಯಸನದ ಚಿಕಿತ್ಸೆಗೆ ಬರುವವರಲ್ಲಿ ಈ ತೊಂದರೆ ಸಾಮಾನ್ಯ ಜನರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತದೆಂಬುದು ವೈದ್ಯರ ಅನುಭವ.

ಚಿಕಿತ್ಸೆ ಹೇಗೆ? ಕುಡಿತದ ಹಂಬಲವನ್ನು ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಮುಂತಾದ ಔಷಧಗಳುಂಟು. ವ್ಯಕ್ತಿತ್ವದೋಷವನ್ನೇ ಗುಣಪಡಿಸುವ ಗುಳಿಗೆ ಇಲ್ಲ. ಮುಖ್ಯ ಮದ್ದೆಂದರೆ ದೀರ್ಘಕಾಲದ ಮಾತಿನ ಚಿಕಿತ್ಸೆ. ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲೈನ್‌ಹನ್ ಎಂಬ ಮಹಿಳೆ, ತಮ್ಮನ್ನು ತಾವು ಘಾಸಿಗೊಳಿಸಿಕೊಳ್ಳುವವರಿಗಾಗಿ ಒಂದು ಪದ್ಧತಿಯನ್ನು ರೂಪಿಸಿ 1991ರಲ್ಲಿ ಅದರ ಫಲವನ್ನು ಪ್ರಕಟಿಸಿದರು. 1999ರಲ್ಲಿ ಅದನ್ನೇ ಮಾದಕ ವ್ಯಸನವೂ ಜೊತೆಗಿದ್ದವರಿಗೆ ಹೊಂದಿಸಿ ನೋಡಿ ಉಪಯುಕ್ತವೆಂದು ಕಂಡುಕೊಂಡರು. ಈ ಪದ್ಧತಿಯು ನಾಲ್ಕು ವಿದ್ಯೆಗಳನ್ನು ಕಲಿಸುತ್ತದೆ: ಇರುವ ಕ್ಷಣದಲ್ಲಿ ಎಚ್ಚರವಾಗಿರುವುದು, ಸಂಕಟವನ್ನು ಕೆಡುಕು ಮಾಡಿಕೊಳ್ಳದೆ ತಾಳುವುದು, ಭಾವನೆಯನ್ನು ಗುರುತಿಸಿ ಹದಗೊಳಿಸುವುದು, ಇತರರೊಡನೆ ಮಾತಾಡುವ ರೀತಿಯನ್ನು ತಿದ್ದಿಕೊಳ್ಳುವುದು. ಮೊದಲನೆಯದನ್ನು ಆಕೆ ಬೌದ್ಧರ ಝೆನ್ ಧ್ಯಾನಮಾರ್ಗದಿಂದ ಪಡೆದರು. ಆ ಎಲ್ಲದರ ತಳಹದಿ ಒಂದೇ: ರೋಗಿಯನ್ನು ಅವನಿದ್ದಂತೆ ಒಪ್ಪಿಕೊಳ್ಳಬೇಕು, ಅದೇ ಹೊತ್ತಿಗೆ ಬದಲಾಗಲು ನೆರವಾಗಬೇಕು. ಒಪ್ಪಿಕೊಂಡು ಬಿಟ್ಟುಬಿಟ್ಟರೆ ಅವನು ಅಲ್ಲಿಯೇ ಉಳಿಯುತ್ತಾನೆ. ಒಪ್ಪದೆ ಬದಲಾಗೆಂದರೆ ಓಡಿಹೋಗುತ್ತಾನೆ. ಈ ವಿದುಷಿ ತಾವೇ ತಾರುಣ್ಯದಲ್ಲಿ ಇಂಥ ಬೇಗೆಯಲ್ಲಿ ಬೆಂದು ಆಸ್ಪತ್ರೆಯಲ್ಲಿದ್ದವರೆಂಬುದನ್ನು 2011ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ವರ್ಷ ನಾನು ಕುರಕುಂಟಾದ ಸೀಮೆಯಲ್ಲಿ ಜೋಳಿಗೆ ಹಿಡಿದು ನಿಂತಿದ್ದೆ.

ಎರಡು ವ್ಯಾಧಿಗಳನ್ನು ಒಂದೇ ವೈದ್ಯಬಳಗ ಒಂದೇ ಕಾಲಕ್ಕೆ ನೋಡುವುದೇ ಹಿತವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಇನ್ನೊಂದು ಎಚ್ಚರಿಕೆಯೂ ಇದೆ. ಸಿಡುಕು, ನಿದ್ದೆಗೇಡು ಎಂದು ಔಷಧದ ಅಂಗಡಿಯಿಂದ ನಿದ್ರೆಯ ಮಾತ್ರೆ ತಂದು ಕೊಟ್ಟರೆ, ಹಳೆಯ ವ್ಯಸನದ ಜಾಗಕ್ಕೆ ಹೊಸದೊಂದು ಬಂದು ಕೂಡುತ್ತದೆ. ಸೇಂದಿಯಲ್ಲಿ ಬೆರೆಸುವುದೂ ಅದನ್ನೇ ಅಲ್ಲವೆ?

ಆಶಾದಾಯಕ ಸಂಗತಿಯೂ ಉಂಟು. ಸ್ವಭಾವ ಸುಟ್ಟರೂ ಹೋಗದೆಂಬುದು ಲೋಕದ ಮಾತು. ಆದರೆ ಭಾವದ ಈ ಬಗೆಯ ಏರಿಳಿತವುಳ್ಳವರನ್ನು ಹತ್ತು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಹೆಚ್ಚಿನವರಲ್ಲಿ ಲಕ್ಷಣಗಳು ತಗ್ಗಿದ್ದು ಕಂಡುಬಂದಿದೆ. ಕಾಲ, ಆರೈಕೆ, ತಾಳ್ಮೆ ಕೂಡಿದರೆ ಸ್ವಭಾವವೂ ಹದಗೊಳ್ಳುತ್ತದೆ.

ಮಠ ಮತ್ತು ಮನೆಯ ಕರ್ತವ್ಯ

ಹಾಗಾದರೆ ಜೋಳಿಗೆ ವ್ಯರ್ಥವೆ? ಖಂಡಿತ ಅಲ್ಲ. ಸಾವಿರಾರು ಮನೆಗಳ ದೀಪ ಉಳಿದದ್ದು ಅದರಿಂದ. ಹತ್ತು ಜನರ ಎದುರಿಗೆ ಕೊಟ್ಟ ಮಾತು, ಗುರುವಿನ ಕರುಣೆಯ ನೋಟ, ‘ನೀನು ಬೇಕಾದವನು’ ಎಂಬ ಭಾವ ಎಷ್ಟೋ ಜನರಿಗೆ ಸಾಕು. ಸಾಕಾಗದವರೂ ಕೆಲವರಿದ್ದಾರೆ. ಅವರು ಜೋಳಿಗೆಗೆ ಶೀಸೆಯನ್ನು ಹಾಕಬಲ್ಲರು. ಶೀಸೆಯನ್ನು ಹಿಡಿಯಲು ಕಾರಣವಾದ ನೋವನ್ನು ಹಾಕಲಾರರು. ಇಳಕಲ್ಲಿನ ಪೂಜ್ಯರ ಕೈಯಲ್ಲಿ ಜೋಳಿಗೆಯ ಜೊತೆಗೆ ಅಪಾರವಾದ ಕರುಣೆ ಇತ್ತು. ನಾನು ಜೋಳಿಗೆಯನ್ನು ಅನುಕರಿಸಿದೆ, ಕರುಣೆಯನ್ನು ಕಲಿಯಲಿಲ್ಲ.

ಕಲ್ಯಾಣದ ಮಹಾಮನೆಯಲ್ಲಿ ಮರುಳಶಂಕರದೇವರೆಂಬ ಶರಣರು ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಮರುಳನಂತೆ ಇದ್ದರೆಂದೂ, ಅಲ್ಲಿದ್ದ ಯಾರೂ ಅವರನ್ನು ಗುರುತಿಸಲಿಲ್ಲವೆಂದೂ, ಅಲ್ಲಮಪ್ರಭುಗಳು ಬಂದು ಗುರುತಿಸಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಆ ಕಥೆಯನ್ನು ನಾನು ನೂರಾರು ಸಭೆಗಳಲ್ಲಿ ಹೇಳಿದ್ದೇನೆ. ಅನುಭವಿಗಳು ತುಂಬಿದ ಮನೆಯಲ್ಲೂ ಕಣ್ಣೆದುರಿನ ಒಬ್ಬನು ಕಾಣದೆ ಹೋಗಬಹುದೆಂಬುದು ಅದರ ಒಂದು ಅರ್ಥ. ಆ ಅರ್ಥ ನನಗೆ ಹೊಳೆದದ್ದು ಆ ತಾಯಿಯ ಪಡಸಾಲೆಯಲ್ಲಿ. ವೈದ್ಯ ಸಂಗಣ್ಣನನ್ನೂ ತನ್ನವನೆಂದು ಕೂಡಿಸಿಕೊಂಡ ಶರಣಪರಂಪರೆಗೆ ಔಷಧವೂ ಅನುಭಾವವೂ ಒಂದಕ್ಕೊಂದು ವಿರೋಧವಾಗಿ ಎಂದೂ ಕಂಡಿಲ್ಲ.

ಆದುದರಿಂದ ಮಠಗಳಿಗೂ ಮನೆಗಳಿಗೂ ನನ್ನ ವಿನಂತಿ ಇಷ್ಟು. ಬಹುಕಾಲ ಕುಡಿದವರಿಂದ ವ್ರತ ಪಡೆಯುವ ಮೊದಲು ವೈದ್ಯರ ಸಲಹೆ ಇರಲಿ. ಥಟ್ಟನೆ ಬಿಡಿಸುವುದು ಅಪಾಯ. ಮಾತು ತಪ್ಪಿ ಮತ್ತೆ ಕುಡಿದವನನ್ನು ಸಭೆಯಲ್ಲಿ ಅವಮಾನಿಸಬೇಡಿರಿ. ಮತ್ತೆ ಬೀಳುವುದು ಈ ವ್ಯಾಧಿಯ ಲಕ್ಷಣ. ಬಿದ್ದವನು ಮೊದಲು ಓಡಿಬರಬೇಕಾದದ್ದು ನಮ್ಮ ಬಳಿಗೇ. ಮಗನಿಗಾಗಲಿ ಮಗಳಿಗಾಗಲಿ ಕುಡಿತಕ್ಕೆ ಮೊದಲೇ ಅತಿಯಾದ ಕೋಪ, ಒಂಟಿಯಾಗುವ ಭಯ, ತನ್ನನ್ನು ಕೊಯ್ದುಕೊಳ್ಳುವ ರೂಢಿ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಹೆದರಿಸಲು ಮಾಡುತ್ತಾರೆಂದು ಗಾಯವನ್ನು ಕಡೆಗಣಿಸಬೇಡಿರಿ. ಚಿಕಿತ್ಸೆಗೆ ಹೋದಲ್ಲಿ ‘ಎರಡನ್ನೂ ಇಲ್ಲಿಯೇ ನೋಡುತ್ತೀರಾ?’ ಎಂದು ಮೊದಲೇ ಕೇಳಿರಿ. ಮನೆಯಲ್ಲಿ ಎಲ್ಲರ ಮಾತು ಒಂದೇ ಇರಲಿ. ತಾಯಿ ಗುಟ್ಟಾಗಿ ದುಡ್ಡು ಕೊಡುವುದು, ತಂದೆ ಕಂಡಾಗ ಹೊಡೆಯುವುದು, ಎರಡೂ ಕೆಡುಕು. ಮದುವೆಯನ್ನು ಮದ್ದೆಂದು ತಿಳಿಯಬೇಡಿರಿ.

ಸಹಾಯ ಈಗ ಹಿಂದಿನಷ್ಟು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ, ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಪ್ತಿಯೊಳಗೆ ಸೇರಿಸಿ, ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416ಕ್ಕೆ ಹಗಲಿರುಳೆನ್ನದೆ ಯಾರೂ ಕರೆಮಾಡಬಹುದು; ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನಮ್ಮ ಮಠದ ದಿನದರ್ಶಿಕೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಜೊತೆಗೆ ಈ ಸಂಖ್ಯೆಯನ್ನೂ ಅಚ್ಚು ಹಾಕಿಸಿದರೆ ಅದೂ ಒಂದು ದಾಸೋಹವೇ.

ಸಂಜೆಯ ಗಾಡಿ

ಸಂಜೆ ಆ ತರುಣ ಮನೆಗೆ ಬಂದ. ತರುಣನೆನ್ನುವುದು ಅಭ್ಯಾಸಬಲದಿಂದ, ಕಿವಿಯ ಬಳಿ ಕೂದಲು ನರೆತಿವೆ. ಕಲ್ಲಿಗೆ ಮೆರುಗು ಕೊಡುವ ಕೆಲಸಕ್ಕೆ ಹೋಗುತ್ತಾನೆ. ಮೈಯೆಲ್ಲ ಬಿಳಿಯ ಹುಡಿ. ಚಿಕಿತ್ಸೆ ಆರಂಭವಾದ ಮೇಲೆ ಮೂರು ಬಾರಿ ಮತ್ತೆ ಕುಡಿದನಂತೆ. ಮೂರು ಬಾರಿಯೂ ತಾನೇ ಬಸ್ಸು ಹತ್ತಿ ವೈದ್ಯರ ಬಳಿಗೆ ಹೋದನಂತೆ. ಕೈಮೇಲೆ ಹಳೆಯ ಗೆರೆಗಳಿವೆ, ಹೊಸವು ಇಲ್ಲ. ಗುಣವಾದನೆ ಎಂದು ಕೇಳಿದರೆ ತಾಯಿ ‘ಇವತ್ತಿಗಿ ಚಂದ ಅದಾನ’ ಎನ್ನುತ್ತಾರೆ, ಅಷ್ಟೇ. ನಾಳೆಯ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

ನಾನು ಎದ್ದು ನಿಂತು, ಅಂದಿನ ನನ್ನ ಮಾತಿಗೆ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ಪಾದಕ್ಕೆ ಬಾಗಲು ಬಂದ. ನಾನು ತೋಳು ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡೆ. ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಅವನೇ ಮೆಲ್ಲಗೆ ಕೇಳಿದ:

“ಮುಂದಿನ ಶ್ರಾವಣದಾಗ ಬರ್ತೀರೇನ್ರಿ ಅಪ್ಪೋರೆ? ಜೋಳಗಿ ತರ್ರಿ. ಆದ್ರ ಎರಡನೇ ಸಲ, ಮೂರನೇ ಸಲ ಬಂದವರಿಗೂ ಹಿಡೀರಿ.”

ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಈ ಬಾರಿ ಮಾತು ಕೊಟ್ಟವನು ನಾನು, ಉಳಿಸಿಕೊಳ್ಳಬೇಕಾದವನೂ ನಾನು. ಸೇಡಂನಲ್ಲಿ ಸಂಜೆಯ ಗಾಡಿ ಹತ್ತಿ ವಾಡಿಯ ಕಡೆಗೆ ಬರುವಾಗ ಮಳಖೇಡದ ಮೇಲೆ ಕತ್ತಲಿಳಿದಿತ್ತು. ಬೆಳಿಗ್ಗೆ ಆ ಹಾಳುಕೋಟೆಯನ್ನು ನೋಡಲೆಂದೇ ಹೊರಟವನು. ಕೋಟೆ ಕಾಣಲಿಲ್ಲವೆಂಬ ವ್ಯಥೆ ಮನಸ್ಸಿಗೆ ಬರಲಿಲ್ಲ.